ಸೀಕು ಅನ್ನುವ ಬಾಯಿ

ನಮ್ಮೂರಲ್ಲಿ ಒಬ್ಬರಿಗೆ ಸೀಕು ಅನ್ನಿಸಬೇಕಾದರೆ ಬೀಳುವ ಖರ್ಚು ಇಷ್ಟು: ಹೊಸದಾಗಿ ಹೆಣೆದ ಈಚಲ ಚಾಪೆ ಒಂದು, ಬಾಗಿಲಿಗೆ ಇಳಿಬಿಡಲು ಎರಡು ಗೋಣಿ ಸೇರಿಸಿ ಹೊಲಿದ ಪರದೆ ಒಂದು, ಗಂಜಿಗೆ ನಾಲ್ಕು ಸೇರು ನುಚ್ಚು, ಒಂದು ಕುಡಿಕೆ ಉಪ್ಪು, ಎರಡು ಹೊರೆ ಸೌದೆ, ಮತ್ತು ಒಂಬತ್ತು ದಿನ. ಒಂಬತ್ತು ದಿನ ಮಲಗಿದವರಿಗಷ್ಟೇ ಅಲ್ಲ, ಆ ಮಾತು ಹೇಳಿದವರಿಗೂ. ಹೇಳಿದವರು ಪರದೆಯ ಒಳಗೆ ಮಲಗಿದವರ ಪಕ್ಕದಲ್ಲೇ ಕೂತಿರಬೇಕು. ಬೇರೆ ಯಾರೂ ಒಳಗೆ ಕಾಲಿಡುವಂತಿಲ್ಲ. ಇನ್ನೊಬ್ಬರ ಕಾಲು ಒಳಗೆ ಬಿದ್ದ ಮನೆಯಲ್ಲಿ ಮಲಗಿದವರು ಎದ್ದದ್ದನ್ನು ಯಾರೂ ಕಂಡಿಲ್ಲ. ಎರಡನೆಯ ದಿನಕ್ಕೆ ನೋವು ಹೋಗಿಬಿಡುತ್ತದೆ, ಅದು ಎಲ್ಲರಿಗೂ. ಒಂಬತ್ತನೆಯ ದಿನ ಎದ್ದು ಕೂತರೆ ಚಾಪೆಯನ್ನು ಅಂಗಳದಲ್ಲಿ ಸುಡುತ್ತಾರೆ, ಆ ಹೊಗೆ ನೋಡಿ ಊರು ಉಸಿರು ಬಿಡುತ್ತದೆ. ಏಳದಿದ್ದರೆ ಅದೇ ಚಾಪೆಯಲ್ಲಿ ಸುತ್ತಿಕೊಂಡು ಹೋಗುತ್ತಾರೆ. ಹತ್ತು ಜನರಲ್ಲಿ ಏಳು ಜನ ಏಳುತ್ತಾರೆ. ಇದು ನನ್ನ ತಾಯಿ ಹೇಳಿದ ಲೆಕ್ಕ. ನಾನು ಕಂಡದ್ದೂ ಹೆಚ್ಚುಕಡಿಮೆ ಅಷ್ಟೇ.

ಆ ಮಾತು ಹೇಳುವವಳು ನಾನು. ದ್ಯಾವಮ್ಮ ಅಂತ ನನ್ನ ಹೆಸರು, ಊರವರಿಗೆ ಬಾಯಮ್ಮ. ಓದುತ್ತಿರುವ ನೀವು ಹೆದರಬೇಕಾಗಿಲ್ಲ. ಮುಖಕ್ಕೆ ಮುಖ ಕೊಟ್ಟು, ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ತಗಲುತ್ತದೆ. ನಿಮ್ಮ ಮುಖ ನನಗೆ ಕಾಣುತ್ತಿಲ್ಲ. ಆದರೆ ಯಾರ ಬಾಯಿಂದ ಬಂದರೂ ತಗಲುತ್ತದೆ, ಅದೇ ಕಷ್ಟ. ಜಗಳದ ಭರದಲ್ಲಿ ಅಂದರೂ, ಕನಿಕರದಿಂದ ಅಂದರೂ ಒಂದೇ. ಅದಕ್ಕೇ ಊರು ಒಂದು ಬಾಯನ್ನು ಗೊತ್ತುಮಾಡಿಕೊಂಡಿತ್ತು, ಮಿಕ್ಕ ಬಾಯಿಗಳೆಲ್ಲ ಆ ಮಾತನ್ನು ನುಂಗಿಕೊಂಡು ಬದುಕುತ್ತಿದ್ದವು. ಎಳೆಯ ಮಕ್ಕಳಿಗೆ ಮೊದಲು ಕಲಿಸುವುದು ಅಮ್ಮ ಅನ್ನುವುದನ್ನು, ಎರಡನೆಯದು ಇದನ್ನು ಅನ್ನಬಾರದು ಎಂಬುದನ್ನು.

ಮಾತು ನಮ್ಮದಲ್ಲ. ನಮ್ಮದು ಸುಣ್ಣದ ಭಟ್ಟಿಗಳ ಊರು. ನಮ್ಮಜ್ಜಿಯ ಕಾಲದಲ್ಲಿ ಭಟ್ಟಿ ಕಟ್ಟಿಸಿದ ಬಿಳಿ ದೊರೆಯೊಬ್ಬ ಬೆಳಗ್ಗೆ ಸಾಲಾಗಿ ನಿಂತ ಆಳುಗಳ ಮುಖ ನೋಡುತ್ತ ಹೋಗುತ್ತಿದ್ದನಂತೆ. ಯಾರ ಮುಂದೆ ನಿಂತು ಆ ಮಾತು ಅಂದನೋ ಅವನಿಗೆ ಒಂಬತ್ತು ದಿನ ಕೆಲಸವಿಲ್ಲ. ಎಷ್ಟೇ ನರಳಲಿ, ದೊರೆ ಅನ್ನದಿದ್ದರೆ ಸುಣ್ಣದ ಕುಕ್ಕೆ ಹೊರಲೇಬೇಕು. ದೊರೆ ಹೋದ, ಮಾತು ಉಳಿಯಿತು. ಅವನ ಬಂಗಲೆ ಗುಡಿಸುತ್ತಿದ್ದ ನಮ್ಮಜ್ಜಿಗೆ ಬಂತು, ಅವಳಿಂದ ನನ್ನ ತಾಯಿಗೆ, ತಾಯಿಯಿಂದ ನನಗೆ.

ಅನ್ನದೆ ಬಿಟ್ಟ ಕಾಯಿಲೆ ಬೆಳೆಯುವುದೂ ಇಲ್ಲ, ಹೋಗುವುದೂ ಇಲ್ಲ. ಬಂದ ದಿನ ಎಷ್ಟಿತ್ತೋ ಅಷ್ಟೇ ಇರುತ್ತದೆ. ಹಾಗಾಗಿ ನಮ್ಮವರು ಕಾಯಿಲೆಗಳ ಜೊತೆ ಒಗ್ಗಿಹೋಗಿದ್ದರು. ಕಮ್ಮಾರ ಕೆಂಚಾಚಾರಿ ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ಗಂಟು ಇಟ್ಟುಕೊಂಡು ಹದಿನಾಲ್ಕು ವರ್ಷದಿಂದ ತಿದಿ ಒತ್ತುತ್ತಿದ್ದ. ಅವನ ಅಂಗಿಗಳಿಗೆ ಎಡಗಡೆ ಕೊರಳುಪಟ್ಟಿ ಬಿಟ್ಟೇ ಹೊಲಿಯುತ್ತಿದ್ದಳು ಹೆಂಡತಿ. ಪಕ್ಕದ ಮನೆಯ ಹೊನ್ನಾಜಮ್ಮನಿಗೆ ದಿನಾ ಬೆಳಗ್ಗೆ ಹೊಟ್ಟೆನೋವು. ಬಿಸಿಲು ಕಣಜದ ಬಾಯಿಗೆ ಬೀಳುವವರೆಗೆ ಇರುತ್ತಿತ್ತು. ನೆಂಟರನ್ನು ಕಾಯುವವಳ ಹಾಗೆ ಮಣೆ ಹಾಕಿಕೊಂಡು ಕೂತಿದ್ದು, ನೋವು ಬಂದು ಹೋದ ಮೇಲೆ ಎದ್ದು ಒಲೆ ಹಚ್ಚುತ್ತಿದ್ದಳು. ಇವರಿಬ್ಬರೂ ನನ್ನನ್ನು ಕರೆದವರಲ್ಲ. ಕುಲುಮೆಯ ಮುಂದೆ ನಾನು ನಿಂತರೆ ಕೆಂಚಾಚಾರಿ ಬೆನ್ನು ತಿರುಗಿಸಿಬಿಡುತ್ತಿದ್ದ.

"ನಾನು ಗಟ್ಟಿಮುಟ್ಟಾಗಿವ್ನಿ ಕಣವ್ವ ಬಾಯಮ್ಮ."

"ನಾನು ಬಂದಿರೋದು ಕುಡುಗೋಲಿಗೆ ಕಣಯ್ಯ."

"ಕುಡುಗೋಲು ಕೊಡ್ತೀನಿ. ಮೊಕ ಮಾತ್ರ ಆ ಕಡಿಕೆ ತಿರಿಗಿಸ್ಕೊ."

ಇಬ್ಬರೂ ನಗುತ್ತಿದ್ದೆವು. ನಗುವಾಗಲೂ ಅವನು ಮುಖ ತೋರಿಸುತ್ತಿರಲಿಲ್ಲ.

ವರ್ಷಕ್ಕೆ ಆರೇಳು ಮನೆಯವರು ಕರೆಯುತ್ತಿದ್ದರು. ನೋವು ತಡೆಯಲಾರದವರು, ಇಲ್ಲವೇ ಎಳೆಯ ಮಕ್ಕಳ ತಾಯಂದಿರು. ಹೋಗಿ, ಮುಖ ನೋಡಿ, ಅನ್ನುತ್ತಿದ್ದೆ. ತಗಲಿದ ಕೂಡಲೇ ಅವರ ಕಾಲು ಸೋತು ಕುಸಿಯುತ್ತಾರೆ. ಚಾಪೆಗೆ ಸೇರಿಸಿ, ಪರದೆ ಇಳಿಬಿಟ್ಟು ಕೂರುತ್ತಿದ್ದೆ. ಇಪ್ಪತ್ತೆರಡು ವರ್ಷ ಹೀಗೆ ಕಂಡವರ ಪರದೆಗಳ ಒಳಗೆ ಕೂತಿದ್ದೇನೆ. ಅಷ್ಟು ವರ್ಷವೂ ನನ್ನ ಗಂಡ ಜವರಯ್ಯ ಸಂಜೆ ಭಟ್ಟಿಯಿಂದ ಬಂದು, ಮೈಯ ಸುಣ್ಣ ತೊಳೆದು, ನನಗೆ ಬುತ್ತಿ ತಂದು ಪರದೆಯ ಕೆಳಗೆ ತಳ್ಳುತ್ತಿದ್ದ. ಹೊರಗೆ ಕುಕ್ಕರಗಾಲಲ್ಲಿ ಕೂತು ಯಾರ ಎಮ್ಮೆ ಈಯಿತು, ಯಾರ ಮನೆಯಲ್ಲಿ ಜಗಳ ಎಲ್ಲ ಹೇಳುತ್ತಿದ್ದ. ಏಳನೆಯ ದಿನ ಮಾತ್ರ ಒಂದೇ ಪ್ರಶ್ನೆ.

"ಉಪ್ಪು ಕೇಳಿದ್ರಾ?"

ಅದು ಊರಿಗೆ ಗೊತ್ತಿಲ್ಲದ ಗುಟ್ಟು. ತಾಯಿ ನನಗೆ ಹೇಳಿಕೊಟ್ಟದ್ದು, ನಾನು ಇವನೊಬ್ಬನಿಗೆ ಹೇಳಿದ್ದು. ಏಳನೆಯ ದಿನ ಗಂಜಿಗೆ ಉಪ್ಪು ಸಾಲದು ಅಂದವರು ಏಳುತ್ತಾರೆ. ಏನನ್ನೂ ಕೇಳದೆ ಸಪ್ಪೆ ಗಂಜಿ ಕುಡಿದವರು ಏಳುವುದಿಲ್ಲ. ಹೂಂ, ಕೇಳಿದರು ಅಂದರೆ ಜವರಯ್ಯ ಸಿಳ್ಳೆ ಹಾಕುತ್ತ ಮನೆಗೆ ಹೋಗುತ್ತಿದ್ದ. ಇಲ್ಲ ಅಂದರೆ ಕತ್ತಲು ಕವಿದರೂ ಏಳದೆ ಅಲ್ಲೇ ಕೂತಿರುತ್ತಿದ್ದ.

ನನ್ನ ತಾಯಿ ನನ್ನ ತಂದೆಗೆ ಅಂದಳು, ಅವರು ಏಳಲಿಲ್ಲ. ಬಾಯಿ ನನಗೆ ಒಪ್ಪಿಸುವಾಗ ಅವಳು ಹೇಳಿದ್ದು, "ಊರಿಗೆಲ್ಲ ಅನ್ನು. ಮನೆಯೋರಿಗೆ ಮಾತ್ರ ಅನ್ಬೇಡ ಮಗ. ಆಮೇಲೆ ಇದೇ ಬಾಯಲ್ಲಿ ಉಣ್ಣಕಾಗಲ್ಲ." ಉಣ್ಣುವಾಗ ಅವಳು ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದುದನ್ನು ನಾನು ಕಡೆಯವರೆಗೂ ನೋಡಿದೆ.

ಜವರಯ್ಯನಿಗೆ ಬಲ ಪಕ್ಕೆಯ ಕೆಳಗೆ ನೋವು ಸುರುವಾಯಿತು. ಕೆಂಡ ಕಟ್ಟಿಕೊಂಡ ಹಾಗೆ ಅನ್ನುತ್ತಿದ್ದ. ಒಂದು ವರ್ಷ ನನಗೂ ಮುಚ್ಚಿಟ್ಟ. ಮಲಗಿದರೆ ಹೆಚ್ಚುತ್ತಿದ್ದುದರಿಂದ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ಒರಗಿ ಒರಗಿ ಗೋಡೆಯಲ್ಲಿ ಅವನ ಬೆನ್ನಿನಷ್ಟು ಅಗಲದ ಜಾಗ ನುಣುಪಾಗಿತ್ತು. ಎರಡನೆಯ ವರ್ಷದಿಂದ ಕೇಳಲು ಸುರುಮಾಡಿದ.

"ದ್ಯಾವಿ, ಅಂದ್ಬುಡು."

"ಮುದ್ದೆ ಆರೋಯ್ತದೆ, ಉಣ್ಣು."

"ಹತ್ರಲ್ಲಿ ಏಳು ಜನ ಏಳ್ತಾರೆ ಕಣೆ."

"ಮೂರು ಜನ ಏಳಕಿಲ್ಲ."

"ಊರ್ನೋರ ಮನೇಗ್ ಹೋದಾಗ ನಿಂಗೆ ಏಳು ಕಾಣ್ತದೆ. ನಿನ್ ಗಂಡನ ಮುಂದೆ ಮೂರೇ ಕಾಣ್ತದಲ್ಲ, ಅದ್ಯಾವ ಕಣ್ಣೇ ನಿಂದು?"

 ನೋವು ಬೆಳೆಯುವುದಿಲ್ಲವಲ್ಲ, ಇದ್ದಷ್ಟೇ ಇರುತ್ತದಲ್ಲ ಅಂದುಕೊಳ್ಳುತ್ತಿದ್ದೆ. ಅದು ನನ್ನ ಪಕ್ಕೆಯಲ್ಲಿರಲಿಲ್ಲ, ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ನನಗೆ ಬೇಕಾದದ್ದು ಸಂಜೆ ಅವನು ಬಂದು ಹೊಸಿಲಲ್ಲಿ ಕಾಲು ಒದರುವ ಸದ್ದು. ಅದು ನಿಲ್ಲುವ ದಿನ ನೆನಪಿಗೆ ಬಂದರೆ ಎದ್ದು ಹೊಸಿಲು ಗುಡಿಸಲು ಹೋಗುತ್ತಿದ್ದೆ. ಬೇರೆ ಯಾರಾದರೂ ಅಂದುಬಿಟ್ಟಾರೆಂಬ ಭಯವಂತೂ ಇರಲಿಲ್ಲ. ಅಂದವರು ಒಂಬತ್ತು ದಿನ ಒಳಗೆ ಕೂರಬೇಕು, ಏಳದಿದ್ದರೆ ಜೀವಮಾನವೆಲ್ಲ ನನ್ನ ಮುಂದೆ ಓಡಾಡಬೇಕು. ಅಷ್ಟು ಧೈರ್ಯದವರು ನಮ್ಮೂರಲ್ಲಿರಲಿಲ್ಲ.

ಹಾಗೆ ಆರು ವರ್ಷ ಕಳೆದವು. ಆಗ ಊರ ಶಾಲೆಗೆ ಹೊಸ ಟೀಚರು ಬಂದಳು, ಅರುಂಧತಿ ಅಂತ. ಬಸ್ಸು ನಿಲ್ಲುವಲ್ಲಿ ಹೊಸಬರಿಗೆಲ್ಲ ಹೇಳುವ ಹಾಗೆ ಅವಳಿಗೂ ಹೇಳಿದರು, ಇಲ್ಲಿ ಯಾರನ್ನೂ ಮೈ ಹೇಗಿದೆ ಅಂತ ಕೇಳಬೇಡಿ, ಯಾರು ಕೆಮ್ಮಿದರೂ ಏನೂ ಅನ್ನಬೇಡಿ ಅಂತ. ನಮ್ಮ ಹಜಾರದ ಕೋಣೆಯಲ್ಲಿ ಇಳಿದುಕೊಂಡಳು. ನಗುಮುಖದ ಹುಡುಗಿ, ಕೆಲಸಕ್ಕೆ ಹಿಂಜರಿಯುವವಳಲ್ಲ. ಒಂದು ಭಾನುವಾರ ಹುರುಳಿ ಆರಿಸುತ್ತ ಕೇಳಿದಳು.

"ಅದು ಯಾವ ಮಾತು ಅಂತಲಾದರೂ ಹೇಳಿ ದ್ಯಾವಮ್ಮ. ಗೊತ್ತಿಲ್ಲದೆ ಅಂದುಬಿಟ್ಟರೆ?"

ಅದೂ ಸರಿಯೇ ಅನ್ನಿಸಿತು. ನಾನು ಗೋಡೆಗೆ ಮುಖ ಮಾಡಿ ಹೇಳಿದೆ. ಅವಳು ನಕ್ಕುಬಿಟ್ಟಳು.

"ಅಯ್ಯೋ, ಅದು ಇಂಗ್ಲಿಷ್ ಮಾತು. ಮೈ ಹುಷಾರಿಲ್ಲ ಅಂತ, ಅಷ್ಟೇ. ನಮ್ಮ ಕಡೆ ಮಕ್ಕಳು ರಜಾ ಚೀಟಿಯಲ್ಲಿ ದಿನಾ ಬರೀತಾರೆ. ಹಲ್ಲುನೋವಿಗೂ ಅದೇ, ಅಜ್ಜಿ ಮನೆಗೆ ಹೋಗೋಕೂ ಅದೇ. ಬಸ್ಸಲ್ಲಿ ವಾಂತಿ ಬಂದರೂ ಅದೇ ಅಂತಾರೆ. ಮನೆ ನೆನಪಾಗಿ ಅಳು ಬಂದರೂ ಇಂಗ್ಲಿಷಿನಲ್ಲಿ ಮನೆ ಅನ್ನೋ ಮಾತಿಗೆ ಇದನ್ನೇ ಅಂಟಿಸ್ತಾರೆ. ನಾನೂ ಇಲ್ಲಿಗೆ ಬಂದ ಮೊದಲ ವಾರ ಹಾಗೇ ಇದ್ದೆ."

ಹುರುಳಿಯ ಮೊರ ಕೆಳಗಿಟ್ಟೆ. ಎಲ್ಲೋ ಒಂದು ಊರಿನಲ್ಲಿ ಮಕ್ಕಳು ದಿನಾ ಅದನ್ನು ಬರೆದು, ಕೊಟ್ಟು, ಮನೆಗೆ ಹೋಗಿ ಉಂಡು ಆಡುತ್ತಾರೆ!

"ಬಾಯಲ್ಲೂ ಅಂತಾರಾ? ಮುಖ ನೋಡ್ಕೊಂಡು?"

"ದಿನಕ್ಕೆ ಹತ್ತು ಸಲ."

"ಎಷ್ಟು ಜನ ಏಳ್ತಾರೆ?"

ಅವಳು ನನ್ನ ಮುಖವನ್ನೇ ನೋಡಿದಳು. ನಗು ನಿಂತಿತ್ತು. ಬಾಗಿಲ ಬಳಿ ಜವರಯ್ಯ ಕುಕ್ಕೆಗೆ ಹಗ್ಗ ಹೊಸೆಯುತ್ತಿದ್ದ. ಅವನ ಕೈಯೂ ನಿಂತಿತ್ತು. ಅದನ್ನು ನಾನು ಕಂಡೆ. ಕಂಡೂ ಏನೆಂದು ತಿಳಿಯಲಿಲ್ಲ.

ಹತ್ತು ದಿನವಾಗಿರಬೇಕು. ಕೆರೆಯಲ್ಲಿ ಬಟ್ಟೆ ಒಗೆದುಕೊಂಡು ಬಂದೆ. ಜಗುಲಿಯ ಮೇಲೆ ಟೀಚರು ಒಂದು ಕಾಗದ ಹಿಡಿದು ನಿಂತಿದ್ದಳು. ಜವರಯ್ಯ ಕೆಳಗೆ ಕುಸಿದು ಕೂತಿದ್ದ. ಎರಡೂ ಕಾಲು ಮುಂದಕ್ಕೆ ಚಾಚಿದ್ದವು, ತನ್ನವಲ್ಲದ ಕಾಲುಗಳ ಹಾಗೆ. ಅವನು ನಗುತ್ತಿದ್ದ.

"ಭಟ್ಟಿ ಮೇಸ್ತ್ರಿಗೆ ಒಂದು ರಜಾ ಚೀಟಿ ಬರೆದುಕೊಡಿ ಅಂದರು," ಟೀಚರು ತಡವರಿಸಿದಳು. "ನಿಮ್ಮೂರಲ್ಲಿ ಮಕ್ಕಳು ಬರೆಯೋ ಹಾಗೇ ಬರೀರಿ ಅಂದರು. ಬರೆದೆ. ಓದಿ ಹೇಳಿ ಅಂದರು. ಓದಿದೆ."

"ಎಲ್ಲಿ ನೋಡ್ಕೊಂಡು ಓದ್ದೆ?"

"ಚೀಟಿಯನ್ನೇ ನೋಡ್ತಿದ್ದೆ. ಒಂದು ಸಾಲು ಮಾತ್ರ ಕಿವಿಗೆ ಬೀಳಲಿಲ್ಲ, ಇನ್ನೊಂದು ಸಲ ಮುಖ ನೋಡಿ ಹೇಳು ತಾಯಿ ಅಂದರು. ದ್ಯಾವಮ್ಮ, ನಾನು... ಇದೆಲ್ಲ ನಿಜ ಅಂತ ನಾನು ನಂಬಿರಲಿಲ್ಲ."

"ಅವಳ್ನ ಬೈಬ್ಯಾಡ ಕಣೆ," ಜವರಯ್ಯ ಅಂದ. "ಚಾಪೆ ತಗಂಬಾ."

ಬಟ್ಟೆಯ ಬುಟ್ಟಿ ಇಳಿಸುವಾಗ ನನಗೆ ಹೊಳೆಯಿತು. ಅಂದವಳು ಟೀಚರು. ಒಳಗೆ ಕೂರುವವಳು ಅವಳು. ನಾನಲ್ಲ.

ಅವಳು ಹೆದರಿ ಮಧ್ಯಾಹ್ನದ ಬಸ್ಸಿಗೆ ಓಡಿಬಿಡಬಹುದಿತ್ತು, ಓಡಲಿಲ್ಲ. ಏನು ಮಾಡಬೇಕು ಹೇಳಿ ಅಂದಳು. ಹೇಳಿದೆ. ಒರಗಿಸಿ ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು, ಬೆನ್ನಿಗೆ ಬಟ್ಟೆ ಕೊಡುವುದು, ಎಲ್ಲ. ಪರದೆ ಇಳಿಯಿತು. ಇಪ್ಪತ್ತೆರಡು ವರ್ಷ ನಾನು ಒಳಗೆ ಅವನು ಹೊರಗೆ ಇದ್ದೆವು. ಈಗ ನನ್ನ ಮನೆಯ ಬಾಗಿಲಲ್ಲೇ ನಾನು ಹೊರಗೆ. ಒಳಗಿನ ಒಂದೊಂದು ಸದ್ದೂ ನನ್ನನ್ನು ಕೊಲ್ಲುತ್ತಿತ್ತು. ಕೆಮ್ಮಿದರೆ ಭಯ, ಕೆಮ್ಮು ನಿಂತರೆ ಇನ್ನೂ ಭಯ. ನನ್ನ ಪರದೆಗಳ ಹೊರಗೆ ಕೂತ ಹೆಂಡತಿಯರು, ತಾಯಂದಿರು ಏನು ಅನುಭವಿಸಿದ್ದರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಎರಡನೆಯ ದಿನ ಬೆಳಗ್ಗೆ ಒಳಗಿಂದ ಅವನ ದನಿ ಬಂತು.

"ದ್ಯಾವಿ, ಹೋಯ್ತು ಕಣೆ."

"ಏನು?"

"ಕೆಂಡ. ಎಚ್ಚರಾಗಿ ನೋಡ್ತೀನಿ, ಇಲ್ಲ. ಪೂರಾ ಅಂಗಾತ ಮಲಗಿವ್ನಿ. ಈ ಸೂರಲ್ಲಿ ಎಷ್ಟು ತೊಲೆ ಅವೆ ಅಂತ ಇವತ್ತು ಎಣಿಸ್ದೆ. ಹನ್ನೊಂದು."

ಅಂಗಾತ ಮಲಗಿದ್ದಾನೆ. ಆರು ವರ್ಷದಲ್ಲಿ ಅವನ ಬೆನ್ನು ನೆಲಕ್ಕೆ ತಾಗಿರಲಿಲ್ಲ. ನಾನು ಒಲೆಯ ಮುಂದೆ ಹೋಗಿ ಕೂತೆ. ಹೊಗೆಗೆ ಕಣ್ಣಲ್ಲಿ ನೀರು ಬಂತೆಂದು ಹೊನ್ನಾಜಮ್ಮನಿಗೆ ಹೇಳಿದೆ. ಅವಳೂ ಹೌದು, ಸೌದೆ ಹಸಿ ಅಂದಳು.

ಆಮೇಲಿನ ದಿನಗಳಲ್ಲಿ ಅವನು ಮಾತಾಡಿದ್ದೇ ಮಾತಾಡಿದ್ದು. ಟೀಚರು ಗಂಜಿಯನ್ನು ಕಿವಿಗೆ ಕುಡಿಸುತ್ತಾಳೆಂದು ದೂರು ಹೇಳಿದ. ಅವಳಿಗೆ ಭಟ್ಟಿಯಲ್ಲಿ ಹಾಡುವ ಪದ ಕಲಿಸಿದ. ನಾನು ಹೊರಗೆ ಕುಕ್ಕರಗಾಲಲ್ಲಿ ಕೂತು ಯಾರ ಎಮ್ಮೆ ಈಯಿತು, ಯಾರ ಮನೆಯಲ್ಲಿ ಜಗಳ ಅಂತ ಹೇಳಿದೆ. ಅವನಷ್ಟು ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. "ನಿನ್ ಬಾಯಲ್ಲಿ ಎಮ್ಮೆ ಈಯದು ಇಷ್ಟು ಸಪ್ಪೆಯಾಗ್ತದೆ ಅಂತ ಗೊತ್ತಿರ್ಲಿಲ್ಲ" ಅಂದ. ಊರವರು ನಮ್ಮ ಬೀದಿಗೆ ಬರುವುದನ್ನು ಬಿಟ್ಟಿದ್ದರು. ದೂರದಿಂದಲೇ ನಮ್ಮ ಅಂಗಳದ ಕಡೆ ಕಣ್ಣು ಹಾಯಿಸಿ ಹೋಗುತ್ತಿದ್ದರು.

ಏಳನೆಯ ದಿನ ಗಂಜಿ ಕಾಯಿಸಿದೆ. ಉಪ್ಪು ಹಾಕದೆ ಬಟ್ಟಲು ತುಂಬಿ ಪರದೆಯ ಕೆಳಗೆ ತಳ್ಳಿದೆ. ಗೋಡೆಗೆ ಕಿವಿ ಕೊಟ್ಟು ಕೂತೆ. ಚಮಚ ಬಟ್ಟಲಿಗೆ ತಾಗುವ ಸದ್ದು. ಮತ್ತೆ ಸದ್ದಿಲ್ಲ. ಟೀಚರಿಗೆ ಈ ಗುಟ್ಟು ಗೊತ್ತಿರಲಿಲ್ಲ, ನಾನು ಕೇಳುವಂತೆಯೂ ಇರಲಿಲ್ಲ, ಗುಟ್ಟು ಗೊತ್ತಿದ್ದ ಅವನಿಗೂ ಕೇಳಿಸುತ್ತಿತ್ತು.

"ಏಯ್ ದ್ಯಾವಿ!" ಒಳಗಿಂದ ದೊಡ್ಡ ದನಿ. "ಇದೇನ್ ಗಂಜಿಯೋ ಕಲಗಚ್ಚೋ? ಉಪ್ಪೇ ಇಲ್ಲ. ಉಪ್ಪು ತಾ!"

ಹೇಗೆ ಎದ್ದೆನೋ, ಹೇಗೆ ಕುಡಿಕೆ ಹಿಡಿದೆನೋ ತಿಳಿಯದು. ಒಂದು ಹಿಡಿ ಉಪ್ಪನ್ನು ಎಲೆಯಲ್ಲಿಟ್ಟು ಒಳಗೆ ತಳ್ಳಿ, ಹಿತ್ತಲಿಗೆ ಓಡಿಹೋಗಿ ಬಾವಿಕಟ್ಟೆ ಹಿಡಿದುಕೊಂಡು ನಿಂತೆ. ಅಂಗಳದಲ್ಲಿ ಚಾಪೆ ಸುಡುವ ಜಾಗವನ್ನು ಮನಸ್ಸಲ್ಲೇ ಗುಡಿಸಿದೆ. ಎಷ್ಟೋ ಹೊತ್ತಿನ ಮೇಲೆ ಬಂದು ಬಟ್ಟಲು ಎಳೆದುಕೊಂಡೆ. ಗಂಜಿ ಅರ್ಧ ಹಾಗೇ ಇತ್ತು. ಬೆರಳು ಅದ್ದಿ ನಾಲಗೆಗೆ ಇಟ್ಟುಕೊಂಡೆ. ಸಪ್ಪೆ. ಎಲೆಯ ಮೇಲೆ ಉಪ್ಪು ನಾನಿಟ್ಟಂತೆಯೇ ಇತ್ತು, ನನ್ನ ಮುಷ್ಟಿಯ ಗೆರೆಗಳೂ ಅಳಿಸಿರಲಿಲ್ಲ.

ಅವನು ಉಪ್ಪು ಕೇಳಿದ್ದು ಗಂಜಿಗಲ್ಲ, ನನಗೋಸ್ಕರ.

ಆಗ ನಾನು ಒಳಗೆ ಹೋಗಬಹುದಿತ್ತು. ಇನ್ನೊಬ್ಬರ ಕಾಲು ಬಿದ್ದರೆ ಏಳುವುದಿಲ್ಲ ಎನ್ನುವ ಭಯ ಏಳಲಾರದವನ ಮನೆಯಲ್ಲಿ ಯಾಕೆ? ಎರಡು ದಿನ ಅವನ ತಲೆ ನನ್ನ ತೊಡೆಯ ಮೇಲಿರಬಹುದಿತ್ತು. ಪರದೆಯ ಅಂಚು ಹಿಡಿದೂ ಹಿಡಿದೆ. ಆದರೆ ಪರದೆ ಎತ್ತಿದರೆ, ನನಗೆ ತಿಳಿಯಿತೆಂದು ಅವನಿಗೆ ತಿಳಿಯುತ್ತದೆ. ಅಷ್ಟು ಜೋರಾಗಿ, ಇದ್ದ ಉಸಿರನ್ನೆಲ್ಲ ಸೇರಿಸಿ ಅವನು ಕೂಗಿದ್ದನ್ನು ನಾನು ಸುಳ್ಳು ಮಾಡಿದ ಹಾಗಾಗುತ್ತದೆ. ಅಂಚು ಬಿಟ್ಟೆ.

"ಈಗ ಸರಿ ಹೋಯ್ತಾ ಉಪ್ಪು?" ಅಂದೆ.

"ಹೂಂ. ಈಗ ಸರಿ ಹೋಯ್ತು."

"ನಾಳೀಕೆ ಮೊದ್ಲೇ ಹಾಕ್ತೀನಿ."

"ಹಾಕು. ಸಿಳ್ಳೆ ಹಾಕ್ಲಾ?"

"ಹಾಕು."

ಸಿಳ್ಳೆ ಬರಲಿಲ್ಲ, ಗಾಳಿ ಮಾತ್ರ ಬಂತು. ಟೀಚರು ಬಿಕ್ಕಿದ್ದು ಕೇಳಿಸಿತು. ಆ ಹುಡುಗಿಗೆ ಗುಟ್ಟು ಗೊತ್ತಿಲ್ಲದಿದ್ದರೂ ಅಷ್ಟು ಹತ್ತಿರ ಕೂತವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಎಂಟನೆಯ ದಿನ ಅವನು ಹೆಚ್ಚು ಮಾತಾಡಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ, ಕಾಲಿಡಬಾರದು ಅಂತ ತಾನೇ ಅಂದಿರುವುದು, ಕೈ ಅಂತಲ್ಲವಲ್ಲ ಅಂದುಕೊಂಡು ಪರದೆಯ ಕೆಳಗೆ ಕೈ ಚಾಚಿದೆ. ಅವನು ಹಿಡಿದುಕೊಂಡ. ಬೆರಳುಗಳ ಸಂದಿಯಲ್ಲಿ ಸುಣ್ಣ ತಿಂದ ಬಿರುಕುಗಳು ಮೊದಲಿನಂತೆಯೇ ಒರಟಾಗಿದ್ದವು. ಬಿಸಿಲು ಹೊಸಿಲಿಗೆ ಬರುವ ಹೊತ್ತಿಗೆ ಆ ಕೈ ಹಿಡಿಯುವುದನ್ನು ಬಿಟ್ಟಿತು. ನನ್ನ ಕೈಯನ್ನು ನಾನು ಅಲ್ಲೇ ಇಟ್ಟಿದ್ದೆ. ಟೀಚರು ಪರದೆ ಎತ್ತಿ ಹೊರಗೆ ಬಂದಳು. ನಮ್ಮ ಅಂಗಳದಲ್ಲಿ ಹೊಗೆ ಏಳಲಿಲ್ಲ.

ಅವಳು ಊರು ಬಿಡಲಿಲ್ಲ. ನನ್ನ ಮನೆಯಲ್ಲೇ ಇದ್ದಾಳೆ, ಈ ಅಕ್ಷರಗಳನ್ನು ನನಗೆ ಕಲಿಸಿದವಳು ಅವಳೇ. ಆ ವರ್ಷದ ಕೊನೆಗೆ ಕೆಂಚಾಚಾರಿ ತಾನಾಗಿಯೇ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದು ನನ್ನ ಮುಂದೆ ನಿಂತ. ಮುಖ ತಿರುಗಿಸಲಿಲ್ಲ. ಹೇಳಬೇಕಾದದ್ದನ್ನೆಲ್ಲ ಅವನ ಹೆಂಡತಿಗೆ ಹೇಳಿಕೊಟ್ಟು, ನೀನೇ ಅನ್ನು, ನೀನೇ ಒಳಗೆ ಕೂರು ಅಂದೆ. ಅವಳು ಅಂದಳು, ಕೂತಳು. ಅವನು ಎದ್ದ. ಈಗ ಅವನ ಅಂಗಿಗಳಿಗೆ ಎರಡೂ ಕಡೆ ಕೊರಳುಪಟ್ಟಿಯಿದೆ. ಅಲ್ಲಿಂದೀಚೆಗೆ ಯಾರ ಮನೆಗೆ ಹೋದರೂ ನಾನು ಮೊದಲು ಕೇಳುವುದು, ಇವರ ಪಕ್ಕದಲ್ಲಿ ಕೂರಬೇಕಾದವರು ಯಾರು ಅಂತ.

ನಾನು ಅನ್ನದೆ ಇದ್ದುದರಿಂದ ನನ್ನ ಗಂಡ ಆರು ವರ್ಷ ಮನೆಯಲ್ಲಿದ್ದ. ಅದು ನನಗೆ ದಕ್ಕಿದ್ದು. ಅವನಿಗೆ ದಕ್ಕಿದ್ದು ನೋವಿಲ್ಲದ ಏಳು ದಿನ. ಆ ಏಳು ದಿನವೂ ನಾನು ಪರದೆಯ ಹೊರಗಿದ್ದೆ.